ಒಂದನೇ ಸಾಕ್ಷಿ ಗೈರು

"ಏಯ್, ಗೋಡೆಗೆ ಒರಗ್ಬೇಡ. ಮೊನ್ನೆ ತಾನೆ ಬಣ್ಣ ಹೊಡ್ಸಿದಾರೆ. ನಿನ್ ವಾಸನೆ ಹಿಡ್ಕೊಂಡ್ರೆ ಯಾವಳು ತೊಳೀತಾಳೆ?"

ಕೋರ್ಟಿನ ಜವಾನ ಇಷ್ಟನ್ನೂ ಕೈಯಲ್ಲಿದ್ದ ಪಟ್ಟಿಯಿಂದ ಕಣ್ಣೆತ್ತದೆ ಹೇಳಿದ. ಅವಳು ಗೋಡೆಯಿಂದ ಬೆನ್ನು ಕಿತ್ತು ನೆಟ್ಟಗೆ ನಿಂತಳು. ವಾಸನೆ ಇದ್ದದ್ದು ನಿಜ. ಆಸ್ಪತ್ರೆಯ ಬಟ್ಟೆ ಒಗೆಯುವ ಕೊಠಡಿಯಲ್ಲಿ ಅವಳಿಗೆ ಕೆಲಸ. ರಕ್ತದ ಕಲೆಯ ಹಾಸಿಗೆ ಬಟ್ಟೆಗಳನ್ನು ಮೊದಲು ತಣ್ಣೀರಿನಲ್ಲಿ ನೆನೆಸಬೇಕು, ಬಿಸಿನೀರು ತಾಗಿದರೆ ಕಲೆ ಜನ್ಮಕ್ಕೂ ಬಿಡುವುದಿಲ್ಲ. ಆಮೇಲೆ ಬ್ಲೀಚಿಂಗ್ ಪುಡಿ, ಆಮೇಲೆ ಆಳೆತ್ತರದ ಯಂತ್ರ, ಅದರ ಹೊಟ್ಟೆಯಿಂದ ಕಲ್ಲಿನಷ್ಟು ಭಾರದ ಒದ್ದೆ ಬಟ್ಟೆಯನ್ನು ಎಳೆದು ಹಿಂಡಿ ಒಣಗಿಸುವುದು. ಎಷ್ಟು ಸೋಪು ಹಾಕಿ ಉಜ್ಜಿದರೂ ಆ ಪುಡಿಯ ನಾತ ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ. ವಾಯಿದೆಯ ದಿನ ಮಾತ್ರ ಅವಳು ಎರಡು ಸಲ ಸ್ನಾನ ಮಾಡಿ ಬರುತ್ತಿದ್ದಳು. ಜಡ್ಜ್ ಸಾಹೇಬರ ಎದುರು ನಿಂತು ಮಾತಾಡಬೇಕಲ್ಲ.

ನಾಲ್ಕು ವರ್ಷ ಎರಡು ತಿಂಗಳಿಂದ ಹೀಗೆ ಸ್ನಾನ ಮಾಡಿ ಬರುತ್ತಿದ್ದಳು. ಮಾತಾಡಿ ಅಂತ ಒಬ್ಬರೂ ಹೇಳಿರಲಿಲ್ಲ.

ಮೊದಲನೇ ವಾಯಿದೆಗೆ ಜಡ್ಜ್ ರಜೆ. ಎರಡನೆಯದಕ್ಕೆ ವಕೀಲರ ಮುಷ್ಕರ. ಒಂದು ಸಲ ಜೈಲಿನ ವ್ಯಾನಿನ ಚಕ್ರ ಪಂಕ್ಚರ್, ಇನ್ನೊಂದು ಸಲ ಚಕ್ರ ಸರಿ ಇತ್ತು, ಕಾವಲಿಗೆ ಬರುವ ಪೊಲೀಸರು ಯಾರದೋ ಮೆರವಣಿಗೆಗೆ ಹೋಗಿದ್ದರು. ನಡುವೆ ಕಡತವೇ ಕಾಣೆಯಾಗಿ, ಎರಡು ವಾಯಿದೆ ಕಳೆದ ಮೇಲೆ ಬೇರೆ ಯಾವುದೋ ಕೊಠಡಿಯ ಬೀರುವಿನಲ್ಲಿ ಸಿಕ್ಕಿತು. ಜಡ್ಜ್‌ಗಳು ವರ್ಗವಾಗಿ ಹೋದರು, ಈಗಿರುವವರು ಐದನೆಯವರು. ಜೈಲಿನಲ್ಲಿದ್ದ ಗಂಡನಿಗೆ ಸರ್ಕಾರ ಕೊಟ್ಟ ವಕೀಲರಲ್ಲಿ ಈಗಿನವನು ನಾಲ್ಕನೆಯವನು. ಇಷ್ಟೆಲ್ಲ ಬದಲಾದರೂ ಬದಲಾಗದೆ ಇದ್ದದ್ದು ಕಟಕಟೆಯ ಬದಿಯಲ್ಲಿ ಕೂರುವ ಗುಮಾಸ್ತ ಓದುವ ಒಂದು ಸಾಲು.

"ಒಂದನೇ ಸಾಕ್ಷಿ ಗೈರು. ಸಮನ್ಸ್ ಜಾರಿಯಾಗದೆ ವಾಪಸ್ಸು. ಕೊಟ್ಟ ವಿಳಾಸದಲ್ಲಿ ಇಲ್ಲ."

ಅವತ್ತೂ ಅದನ್ನೇ ಓದಿದ. ಅವಳು ಬಾಗಿಲ ಹತ್ತಿರದಿಂದ ಎರಡು ಹೆಜ್ಜೆ ಮುಂದೆ ಬಂದಳು.

"ನಾನು ಬಂದಿದೀನಲ್ಲ ಸ್ವಾಮಿ. ನನ್ನ ಕೇಳಿ."

"ನೀನು ಮೂರನೇ ಸಾಕ್ಷಿ ಕಣಮ್ಮ. ಒಂದಾಗ್ಬೇಕು, ಎರಡಾಗ್ಬೇಕು, ಆಮೇಲೆ ನೀನು. ಎಣಿಸೋಕ್ ಬರಲ್ವಾ?"

"ಅವ್ನು ಊರಲ್ಲೇ ಇದಾನೆ ಸ್ವಾಮಿ. ನಿನ್ನೆ ನಮ್ ಬೀದಿ ಕೊನೇಲಿ ನಿಂತು ಪೈಪ್ ಇಳಿಸ್ತಿದ್ದ. ಬೇಕಾದ್ರೆ ಯಾರಾದ್ರೂ ಬನ್ನಿ, ತೋರಿಸ್ತೀನಿ."

"ನೀನೇನ್ ಪೊಲೀಸಾ? ಹೋಗು, ಹೋಗು. ಮುಂದಿನ ವಾಯಿದೆ ಮೂರು ತಿಂಗಳಿಗೆ."

ಮುಂದಿನ ಕೇಸಿನ ಹೆಸರು ಕೂಗಿದರು. ಅವಳು ಹೊರಗೆ ಬಂದಳು.

ಆ ಒಂದನೇ ಸಾಕ್ಷಿ ಬೇರೆ ಯಾರೂ ಅಲ್ಲ, ಮೇಸ್ತ್ರಿ. ಒಳಚರಂಡಿ ಗುತ್ತಿಗೆದಾರನ ಕೈಕೆಳಗೆ ಆಳುಗಳನ್ನು ಮೇಯಿಸುತ್ತಿದ್ದವನು. ದೂರು ಬರೆಸಿದವನೂ ಅವನೇ. ಬರೆಸಿ, ಕೈ ಒರೆಸಿಕೊಂಡು ಹೋದವನು ಮತ್ತೆ ಕೋರ್ಟಿನ ದಿಕ್ಕಿಗೆ ತಲೆ ಹಾಕಿರಲಿಲ್ಲ. ಹಾಕುವ ಜರೂರತ್ತೂ ಅವನಿಗಿರಲಿಲ್ಲ. ಅವನು ಬಂದರೆ ತಾನೆ ಅವನನ್ನು ಪ್ರಶ್ನೆ ಕೇಳುವುದು.

ಅವಳ ಗಂಡನೂ ಅವಳ ತಮ್ಮನೂ ಒಟ್ಟಿಗೆ ಗುಂಡಿಗಿಳಿಯುವ ಕೆಲಸದವರು. ತಮ್ಮನಿಗೆ ಇಪ್ಪತ್ತೆರಡು ವರ್ಷ. ಕೈಕಾಲು ಕಡ್ಡಿಯ ಹಾಗೆ, ಎಂಥ ಇಕ್ಕಟ್ಟಿನ ಬಾಯಿಯಲ್ಲೂ ತೂರಿಕೊಂಡು ಹೋಗುತ್ತಿದ್ದ. ಅದಕ್ಕೇ ಎಲ್ಲರೂ ಅವನನ್ನು ಗುಬ್ಬಿ ಅನ್ನುತ್ತಿದ್ದರು. ಅವತ್ತು ಒಂದು ದೊಡ್ಡ ವಸತಿ ಕಟ್ಟಡದ ಹಿಂದೆ ಕೆಲಸ. ಮೂರು ದಿನದಿಂದ ಮ್ಯಾನ್‌ಹೋಲ್ ಕಟ್ಟಿಕೊಂಡು ಹೊಲಸು ಅಂಗಳಕ್ಕೆ ಹರಿಯುತ್ತಿತ್ತು. ತುಂಬು ಬಸುರಿಯಾಗಿದ್ದ ಅವಳು ಮಧ್ಯಾಹ್ನದ ಊಟದ ಡಬ್ಬಿ ಹಿಡಿದು ಅಲ್ಲಿಗೆ ಹೋದಾಗ ಗಂಡ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ವಾಂತಿ ಮಾಡುತ್ತಿದ್ದ. ಅರ್ಧ ಇಳಿದು ಮೇಲೆ ಬಂದಿದ್ದ. ಕಣ್ಣು ಕೆಂಡವಾಗಿತ್ತು.

"ಒಳಗೆ ಗಾಳಿ ಕೆಟ್ಟಿದೆ ಮೇಸ್ತ್ರಿ. ಪಕ್ಕದ್ ಗುಂಡಿ ಮುಚ್ಚಳಾನೂ ತೆಗ್ಸಿ ಒಂದ್ ಗಂಟೆ ಬಿಡ್ಬೇಕು. ಹಗ್ಗ, ಬೆಲ್ಟು ತರ್ಸಿ," ಅಂದ ಅವನು.

ಹಗ್ಗ, ಬೆಲ್ಟು ಎರಡೂ ಲಾರಿಯಲ್ಲಿದ್ದವು. ಲಾರಿಯನ್ನು ಮೇಸ್ತ್ರಿ ಬೇರೆ ಕಡೆ ಪೈಪು ಹಾಕಲು ಕಳಿಸಿದ್ದ.

"ಬೋಳಿಮಗನೆ, ಮೇಲ್ಗಡೆ ಮನೆಯೋರು ಮೂಗು ಮುಚ್ಕೊಂಡು ಫೋನ್ ಮೇಲೆ ಫೋನ್ ಮಾಡ್ತಿದಾರೆ, ನಿನಗೆ ಗಾಳಿ ಬೇರೆ ಬೇಕಾ? ಫ್ಯಾನ್ ಹಾಕ್ಸ್ಲಾ? ಇಳಿಯೋಕಾಗ್ದಿದ್ರೆ ನಾಳೆಯಿಂದ ಇಬ್ರೂ ಬರ್ಬೇಡಿ. ನಿಮ್ಮಂಥೋರು ರಸ್ತೆ ತುಂಬ ಬಿದ್ದಿದಾರೆ."

ಗುಬ್ಬಿ ಅಷ್ಟರಲ್ಲಿ ಅಂಗಿ ಬಿಚ್ಚಿಯಾಗಿತ್ತು. "ಬಿಡು ಭಾವ, ಹೀಗ್ ಹೋಗಿ ಹಾಗ್ ಬರ್ತೀನಿ," ಅಂದವನು ಅಕ್ಕನ ಕಡೆ ತಿರುಗಿ, "ನನ್ ಪಾಲಿನ ಊಟಾನೂ ಭಾವನಿಗೆ ಹಾಕ್ಬಿಡ್ಬೇಡ ಮತ್ತೆ," ಎಂದು ನಕ್ಕ. ಗಂಡ ಅವನ ರಟ್ಟೆ ಹಿಡಿದುಕೊಂಡ. "ಬೇಡ ಕಣೋ, ನಿಲ್ಲು." ಮೇಸ್ತ್ರಿ ಕೊಡೆಯ ತುದಿಯಿಂದ ಆ ಕೈಯ ಮೇಲೆ ಬಾರಿಸಿದ. "ಬಿಡೋ ಅವನ್ನ. ನೀನಂತೂ ಗಂಡಸಲ್ಲ, ಅವನಾದ್ರೂ ಇಳೀಲಿ."

ಇದನ್ನು ಅವಳು ಕಣ್ಣಾರೆ ಕಂಡಳು. ಊಟದ ಡಬ್ಬಿ ಕೈಯಲ್ಲಿ ಹಿಡಿದು ನಾಲ್ಕು ಮಾರು ದೂರದಲ್ಲಿ ನಿಂತು ಕಂಡಳು. ತಮ್ಮನ ತಲೆ ಗುಂಡಿಯಲ್ಲಿ ಮರೆಯಾಯಿತು, ಒಂದು ಸಲ ಕೆಮ್ಮಿದ ಸದ್ದು ಬಂತು, ಆಮೇಲೆ ಏನೋ ನೀರಿಗೆ ಬಿದ್ದ ಸದ್ದು. ಗಂಡ "ಗುಬ್ಬೀ" ಎಂದು ಕಿರುಚಿ ಹಾಗೇ ಒಳಗೆ ಧುಮುಕಿದ. ಅವಳು ಕಟ್ಟಡದ ಹಿಂದೆ ಬಟ್ಟೆ ಒಣಹಾಕಿದ್ದ ಹಗ್ಗವನ್ನು ಬಟ್ಟೆಗಳ ಸಮೇತ ಕಿತ್ತು ತಂದಳು. ಗಂಡ ಅದನ್ನು ಹೇಗೋ ಸೊಂಟಕ್ಕೆ ಸುತ್ತಿಕೊಂಡ. ಮೂರು ಜನ ಸೇರಿ ಎಳೆದಾಗ ಪ್ರಜ್ಞೆಯಿಲ್ಲದೆ ಮೇಲೆ ಬಂದ. ಅವನ ಮುಷ್ಟಿಯಲ್ಲಿ ತಮ್ಮನ ಕೂದಲು ಒಂದು ಹಿಡಿ ಇತ್ತು. ತಮ್ಮ ಬಂದದ್ದು ಎರಡು ಗಂಟೆ ಬಿಟ್ಟು.

ಅವತ್ತು ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ ಇನ್ಸ್‌ಪೆಕ್ಟರ್ ಒಂದು ಕಾಗದ ಮುಂದಿಟ್ಟ. "ತಮ್ಮನ್ ಹೆಣ ಬೇಕು ತಾನೆ? ಇಲ್ಲಿ ಸಹಿ ಹಾಕು." ಅವಳಿಗೆ ಬರುತ್ತಿದ್ದದ್ದು ತನ್ನ ಹೆಸರಿನ ಅಕ್ಷರಗಳಷ್ಟೇ. ಹಾಕಿದಳು. ಎಂಟು ತಿಂಗಳ ಮೇಲೆ ಎರಡನೆಯ ವಕೀಲ ಓದಿ ಹೇಳಿದಾಗಲೇ ಅದರಲ್ಲಿ ಏನಿದೆ ಎಂದು ತಿಳಿದದ್ದು. 'ನನ್ನ ತಮ್ಮನು ಬೇಡವೆಂದರೂ ಕೇಳದೆ ನನ್ನ ಗಂಡನು ಆತನನ್ನು ಹಗ್ಗವಿಲ್ಲದೆ ಬಲವಂತವಾಗಿ ಗುಂಡಿಗೆ ಇಳಿಸಿದನು. ಮೇಸ್ತ್ರಿಯವರು ತಡೆದರೂ ಕೇಳಲಿಲ್ಲ.' ಕೆಳಗೆ ಅವಳ ಸಹಿ. ಸೊಟ್ಟಗಿದ್ದರೂ ಅವಳದೇ.

ಗುಂಡಿಯ ಅಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದವನು ದೂರುದಾರನಾದ. ಗುಂಡಿಗೆ ಹಾರಿದವನು ಆರೋಪಿಯಾದ. ಗುತ್ತಿಗೆದಾರನ ಹೆಸರು ಕಾಗದದಲ್ಲಿ ಎಲ್ಲೂ ಇರಲಿಲ್ಲ. ಜಾಮೀನು ಸಿಕ್ಕಿತು ಅನ್ನುವುದೇನೋ ನಿಜ, ಆದರೆ ಸ್ವಂತ ಮನೆಯ ಪತ್ರ ಇರುವ ಇಬ್ಬರು ಬಂದು ಸಹಿ ಹಾಕಬೇಕು ಅಂದರು. ಅವಳ ಬೀದಿಗೆ ಬೀದಿಯೇ ಯಾರದೋ ಜಾಗದಲ್ಲಿ ತಗಡು ಹೊದಿಸಿಕೊಂಡು ನಿಂತದ್ದು. ಪತ್ರ ಇರುವವನನ್ನು ಎಲ್ಲಿಂದ ಹುಡುಕುವುದು. ಅವನು ಒಳಗೇ ಉಳಿದ.

ಮನೆಯಲ್ಲಿ ಅಮ್ಮ ಇದ್ದಳು. ಒಂದೇ ಕೋಣೆ, ಒಂದೇ ಒಲೆ, ಆ ಕಡೆ ಗೋಡೆಗೆ ಅಮ್ಮ, ಈ ಕಡೆ ಗೋಡೆಗೆ ಅವಳು, ನಡುವೆ ಮಗಳು. ಅಪ್ಪ ಜೈಲಿಗೆ ಹೋದ ತಿಂಗಳೊಪ್ಪತ್ತಿಗೆ ಹುಟ್ಟಿದ ಮಗುವಿಗೆ ಈಗ ನಾಲ್ಕು ತುಂಬಿತ್ತು. ಅಮ್ಮನಿಗೆ ಆ ಕಾಗದವನ್ನು ಯಾರೋ ಪುಣ್ಯಾತ್ಮರು ಓದಿ ಹೇಳಿದ್ದರು. ಅಂದಿನಿಂದ ಅಳಿಯನ ಸುದ್ದಿ ಎತ್ತಿದರೆ ಅವಳು ಬಾಯಿ ಹೊಲಿದುಕೊಂಡವಳ ಹಾಗೆ ಕೂರುತ್ತಿದ್ದಳು.

"ನಾನು ಹಾಗ್ ಹೇಳ್ಲಿಲ್ಲ ಅಮ್ಮ. ಓದಿ ಹೇಳ್ದೆ ಸಹಿ ಹಾಕ್ಸ್ಕೊಂಡ್ರು."

"ಕಾಗದದಲ್ಲಿ ಬೇರೆ, ಬಾಯಲ್ಲಿ ಬೇರೆ. ಯಾವ್ದು ನಂಬ್ಲಿ? ಆಗ ತಮ್ಮನ್ ಮೇಲೆ ಕರುಳಿತ್ತು, ನಿಜ ಬಂತು. ಈಗ ಗಂಡ ಬೇಕಾಗಿದಾನೆ, ಬೇರೆ ಬಂತು."

"ನನ್ ಕಣ್ಣಾರೆ ನೋಡಿದೀನಿ."

"ಹಾಗಾದ್ರೆ ಹೋಗಿ ಅಲ್ಲಿ ಹೇಳು. ನನ್ ಹತ್ರ ಯಾಕೆ?"

ಅಲ್ಲಿ ಹೇಳಲೆಂದೇ ತಾನೆ ಅವಳು ನಾಲ್ಕು ವರ್ಷದಿಂದ ಎರಡೆರಡು ಸಲ ಸ್ನಾನ ಮಾಡಿದ್ದು.

ಆ ವಾಯಿದೆಯಾಗಿ ಎರಡು ವಾರಕ್ಕೆ ನಾಲ್ಕನೆಯ ವಕೀಲ ಆಸ್ಪತ್ರೆಯ ಬಟ್ಟೆ ಒಗೆಯುವ ಕೊಠಡಿಗೇ ಹುಡುಕಿಕೊಂಡು ಬಂದ. ಇನ್ನೂ ಎಳೆಯ ಮುಖ, ಕಂಕುಳಲ್ಲಿ ಹತ್ತು ಕಡತ, ಕರಿ ಕೋಟಿನ ತೋಳು ಬೆವರಿಗೆ ಬಿಳಿಚಿಕೊಂಡಿತ್ತು. ಒಳ್ಳೆಯವನೇ. ಯಂತ್ರದ ಸದ್ದಿಗೆ ಕೂಗಿ ಹೇಳಬೇಕಾಯಿತು.

"ಅಮ್ಮ, ಈ ಕೇಸಲ್ಲಿ ಅಪರಾಧ ಸಾಬೀತಾದ್ರೂ ಜಾಸ್ತಿ ಅಂದ್ರೆ ಎರಡು ವರ್ಷ ಶಿಕ್ಷೆ. ನಿಮ್ ಯಜಮಾನ್ರು ಆಗ್ಲೇ ನಾಲ್ಕು ವರ್ಷ ಕಳೆದಿದಾರೆ!"

ಅವಳು ಹಾಸಿಗೆ ಬಟ್ಟೆ ಹಿಂಡುತ್ತಿದ್ದವಳು ಕೈ ನಿಲ್ಲಿಸಿದಳು. "ಹಾಗಾದ್ರೆ ಎರಡು ವರ್ಷ ವಾಪಸ್ ಕೊಡ್ತಾರಾ?"

ವಕೀಲ ಕಡತಗಳನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡ. "ಬೇಗ ವಿಚಾರಣೆ ಆಗೋದು ಅವರ ಹಕ್ಕಮ್ಮ. ಇಷ್ಟು ತಡ ಮಾಡಿದಾರೆ, ಕೇಸ್ ರದ್ದು ಮಾಡಿ ಅಂತ ಮೇಲಿನ ಕೋರ್ಟಿಗೆ ಅರ್ಜಿ ಹಾಕಿದೀನಿ, ಹೋದ ವರ್ಷವೇ."

"ಅದೇನಾಯ್ತು?"

"ಅದಕ್ಕಿನ್ನೂ ವಾಯಿದೆ ಸಿಕ್ಕಿಲ್ಲ."

ಯಂತ್ರ ತನ್ನ ಪಾಡಿಗೆ ಗಿರಗಿರ ತಿರುಗುತ್ತಿತ್ತು. ಆಮೇಲೆ ಅವನು ಬಂದ ವಿಷಯ ಹೇಳಿದ. ಗಂಡ ತಪ್ಪೊಪ್ಪಿಕೊಂಡರೆ ಸಾಕು. ಸಾಕ್ಷಿ ಬೇಡ, ವಿಚಾರಣೆ ಬೇಡ. ಕಳೆದದ್ದನ್ನೇ ಶಿಕ್ಷೆ ಅಂತ ಲೆಕ್ಕ ಹಿಡಿದು ಅವತ್ತೇ ಮನೆಗೆ ಬಿಡುತ್ತಾರೆ. ವಾರದೊಳಗೆ ಒಂದು ದಿನ ಗೊತ್ತು ಮಾಡಿಸಿಕೊಡುತ್ತೇನೆ.

"ನಾಲ್ಕು ವರ್ಷ ದಿನ ಸಿಗ್ಲಿಲ್ಲ. ಒಪ್ಕೊಳ್ಳೋಕೆ ವಾರದೊಳಗೆ ಸಿಗುತ್ತಾ?"

"ಸಿಗುತ್ತಮ್ಮ," ಅಂದ ವಕೀಲ, ತಲೆ ತಗ್ಗಿಸಿ. "ಅದಕ್ಕೆ ಮಾತ್ರ ಬೇಗ ಸಿಗುತ್ತೆ."

"ನನ್ನ ಕೇಳಲ್ವಾ ಆಗ?"

"ಯಾರನ್ನೂ ಕೇಳಲ್ಲ. ಕಡತ ಮುಚ್ಚಿಹೋಗುತ್ತೆ."

ಅವಳು ಬೇಡ ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಆ ಕ್ಷಣ ಅವಳ ಎದೆ ಹಗುರಾಗಿಯೇ ಹೋಗಿತ್ತು. ಅವನು ಬರುತ್ತಾನೆ. ಬಾಗಿಲಲ್ಲಿ ಅವನ ಚಪ್ಪಲಿ ಇರುತ್ತದೆ. ಮಗಳು ಜಾಲರಿ ಇಲ್ಲದ ಅಪ್ಪನನ್ನು ನೋಡುತ್ತಾಳೆ. ಭಾನುವಾರ ಜೈಲಿಗೆ ಹೋದಾಗ ಅವಳೇ ಗಂಡನಿಗೆ ಹೇಳಿದಳು.

ಭೇಟಿಯ ಕೊಠಡಿಯಲ್ಲಿ ಎರಡು ಜಾಲರಿ, ನಡುವೆ ಒಂದು ಮಾರು ಜಾಗ. ಆ ಕಡೆ ಮೂವತ್ತು ಜನ, ಈ ಕಡೆ ಮೂವತ್ತು ಜನ, ಎಲ್ಲರೂ ಕಿರುಚಿಯೇ ಮಾತಾಡಬೇಕು. ಗಂಡ ಸೊರಗಿದ್ದ. ಅವತ್ತು ಕುಡಿದ ಗಾಳಿ ಎದೆಯಲ್ಲಿ ಕೂತಿತ್ತು. ಎರಡು ಮಾತಿಗೊಮ್ಮೆ ಕೆಮ್ಮು.

"ಒಪ್ಕೊಂಡ್ಬಿಡು," ಅಂದಳು.

"ಏನಂತ?"

"ಅವ್ರು ಏನ್ ಓದ್ತಾರೋ ಅದಕ್ಕೆ ಹೂಂ ಅನ್ನು. ಅವತ್ತೇ ಬಿಡ್ತಾರಂತೆ."

ಅವನು ಜಾಲರಿಯ ತೂತಿಗೆ ಬೆರಳು ತೂರಿಸಿ ಹಿಡಿದುಕೊಂಡ. "ಗುಬ್ಬೀನ ಕೊಂದಿದ್ದು ನಾನೇ ಅಂತ ಆಗುತ್ತಲ್ಲೇ."

"ಕಾಗದದಲ್ಲಿ ತಾನೆ? ಕಾಗದದಲ್ಲಿ ಈಗ್ಲೂ ಹಾಗೇ ಇದೆ. ನಾನೇ ಸಹಿ ಹಾಕಿದೀನಿ."

"ನೀನ್ ಹಾಕಿದ್ದು ಗೊತ್ತಿಲ್ದೆ. ನಾನು ಗೊತ್ತಿದ್ದೂ ಹೇಳ್ಬೇಕು."

ನಾಲ್ಕು ವರ್ಷದಲ್ಲಿ ಆ ಸಹಿಯ ಮಾತನ್ನು ಅವನು ಎತ್ತಿದ್ದು ಅದೇ ಮೊದಲು. ಅವಳಿಗೆ ಅಳು ಒತ್ತರಿಸಿ ಬಂತು, ಅಳುವುದನ್ನೂ ಕಿರುಚಿಯೇ ಅಳಬೇಕಾದ ಜಾಗ ಅದು. "ಮಗು ನಿನ್ನ ಏನಂತ ಕರೆಯುತ್ತೆ ಗೊತ್ತಾ? 'ಭಾನುವಾರದ ಮಾಮ' ಅನ್ನುತ್ತೆ. ನನ್ ಕೈಲಿ ಆಗಲ್ಲ. ಒಬ್ಳೇ ಎಷ್ಟು ಅಂತ ಎಳೀಲಿ? ಬಂದ್ಬಿಡು."

ಅವನು ಬಹಳ ಹೊತ್ತು ಕೆಮ್ಮಿದ. ಕಾವಲಿನವನು ಕೋಲಿನಿಂದ ಜಾಲರಿ ತಟ್ಟಿ "ಆಯ್ತು, ಆಯ್ತು, ನಡೀರಿ" ಅನ್ನುತ್ತಿದ್ದಾಗ ಅವನು "ಆಯ್ತು ಕಣೆ. ನೀನು ಹೇಳ್ದ ಹಾಗೇ ಆಗ್ಲಿ," ಅಂದ.

ಅಮ್ಮನಿಗೆ ಈ ಸುದ್ದಿ ಹೇಳಿದಾಗ ಅವಳು ಬಟ್ಟಲು ಕೆಳಗಿಟ್ಟಳು. "ಒಪ್ಕೊಳ್ತಾನಂತಾ? ನಾನೂ ಬರ್ತೀನಿ. ಅವನ ಬಾಯಲ್ಲೇ ಕೇಳ್ಬೇಕು."

ಗೊತ್ತು ಮಾಡಿದ ದಿನ ಮೂವರೂ ಹೋದರು. ಮಗುವನ್ನು ಅಮ್ಮ ಎತ್ತಿಕೊಂಡಿದ್ದಳು. ಕೋರ್ಟಿನ ಮೊಗಸಾಲೆಯ ಬೆಂಚಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕಾಲ ಮೇಲೆ ಕಾಲು ಹಾಕಿ ಒಬ್ಬ ಕೂತಿದ್ದ. ಅವಳು ಮೊದಲು ಗುರುತಿಸಲಿಲ್ಲ. ಅವನೇ ಕೈಸನ್ನೆ ಮಾಡಿ ಕರೆದ.

"ಬಾರಮ್ಮ, ಬಾ. ಕೊನೆಗೂ ನಿಮ್ ಕಷ್ಟ ಕಳೀತು ಅನ್ನು."

ನಾಲ್ಕು ವರ್ಷ ವಿಳಾಸದಲ್ಲಿ ಇಲ್ಲದ ಮೇಸ್ತ್ರಿ ಅಲ್ಲಿ ಕೂತು ಕಡ್ಡಿಯಿಂದ ಹಲ್ಲು ಚುಚ್ಚಿಕೊಳ್ಳುತ್ತಿದ್ದ.

"ನೀನ್ ಇಲ್ಲಿ ಯಾಕ್ ಬಂದೆ?"

"ಯಾಕಂದ್ರೆ? ನಿನ್ ಗಂಡ ಹೌದು ಅಂದ್ಬಿಟ್ರೆ ಇನ್ನು ನನ್ನ ಕೂಗೋ ಹಾಗೇ ಇಲ್ವಂತೆ. ನಮ್ ಸಾಹುಕಾರ್ರು ನೋಡ್ಕೊಂಡ್ ಬಾ ಅಂದ್ರು. ಅವ್ರಿಗೂ ಪಾಪ, ಹೊಸ ಗುತ್ತಿಗೆ ಹಿಡಿಯೋಕೆ ಇದೊಂದು ತೊಡರು." ಕಡ್ಡಿ ಎಸೆದು ದನಿ ತಗ್ಗಿಸಿದ. "ನೋಡು, ನಾನು ಹಳೇದೆಲ್ಲ ಮನಸಲ್ಲಿಟ್ಕೊಳ್ಳೋನಲ್ಲ. ಸೋಮವಾರದಿಂದ ಅವನ್ನ ಕೆಲ್ಸಕ್ಕೆ ಕಳ್ಸು. ಆ ದೊಡ್ಡ ಕಟ್ಟಡದ ಹಿಂದಿಂದು ಮತ್ತೆ ಕಟ್ಕೊಂಡಿದೆ. ಅವನಿಗಾದ್ರೆ ಜಾಗ ಗೊತ್ತು."

ಹಿಂದೆ ನಿಂತಿದ್ದ ಅಮ್ಮ ಮಗುವನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಿಕೊಂಡು "ಇವ್ನ್ಯಾರು?" ಅಂದಳು. ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು. ಎಲ್ಲರೂ ಒಳಗೆ ಹೋದರು. ಮೇಸ್ತ್ರಿ ಹಿಂದಿನ ಸಾಲಿನಲ್ಲಿ, ಬಾಗಿಲಿಗೆ ಹತ್ತಿರವಾಗಿ ಕೂತ.

ಗಂಡನನ್ನು ಕಟಕಟೆಯಲ್ಲಿ ನಿಲ್ಲಿಸಿದರು. ಜಾಲರಿಯಿಲ್ಲದೆ ಅವನ ಮುಖ ಅವಳು ನೋಡಿ ಎಷ್ಟೋ ತಿಂಗಳಾಗಿತ್ತು. ಕಿವಿಯ ಹಿಂದೆ ಕೂದಲು ಬೆಳ್ಳಗಾಗಿತ್ತು. ಜಡ್ಜ್ ಕನ್ನಡಕ ಏರಿಸಿ ಕಡತ ಬಿಡಿಸಿದರು. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಅವತ್ತು ನೋಡಬೇಕಾದ ಕಡತಗಳು ಮೇಜಿನ ಮೇಲೆ ಅವರ ಗಲ್ಲದವರೆಗೂ ಪೇರಿಸಿದ್ದವು.

"ನಿಮ್ಮ ಹೆಂಡತಿಯ ತಮ್ಮನನ್ನು, ಒಳಗೆ ವಿಷಗಾಳಿ ಇದೆಯೆಂದು ಗೊತ್ತಿದ್ದೂ, ಹಗ್ಗ ಮುಂತಾದ ಯಾವ ರಕ್ಷಣೆಯೂ ಇಲ್ಲದೆ ಗುಂಡಿಗೆ ಇಳಿಸಿ ಆತನ ಸಾವಿಗೆ ಕಾರಣರಾಗಿದ್ದೀರಿ ಎಂಬ ಆರೋಪ ನಿಮ್ಮ ಮೇಲಿದೆ. ಒಪ್ಪಿಕೊಳ್ಳುತ್ತೀರಾ?"

ಗಂಡ ಕೆಮ್ಮಿದ. ಬೆಂಚಿನ ಮೇಲೆ ಕೂತಿದ್ದ ಅತ್ತೆಯನ್ನು ನೋಡಿದ. ಅವಳು ಕಣ್ಣು ಪಿಳುಕಿಸದೆ ಅವನ ಬಾಯನ್ನೇ ನೋಡುತ್ತಿದ್ದಳು.

"ಗಾಳಿ ಕೆಟ್ಟಿದ್ದು ಗೊತ್ತಿತ್ತು ಸ್ವಾಮಿ. ಆದ್ರೆ..."

"ಆದರೆ ಗೀದರೆ ಬೇಡ. ಹೌದು ಅಥವಾ ಇಲ್ಲ."

ವಕೀಲ ಮೆಲ್ಲಗೆ "ಹೌದು ಅನ್ನಿ" ಅಂದ. ಟೈಪಿಸ್ಟ್ ಬೆರಳುಗಳನ್ನು ಕೀಲಿಗಳ ಮೇಲೆ ಸಜ್ಜು ಮಾಡಿಕೊಂಡಳು. ಗಂಡ ಈಗ ಹೆಂಡತಿಯ ಕಡೆ ತಿರುಗಿದ. ಅವಳ ಅಪ್ಪಣೆ ಕೇಳುವವನ ಹಾಗೆ, ಇನ್ನೊಂದು ಸಲ ಖಾತ್ರಿ ಮಾಡಿಕೊಳ್ಳುವವನ ಹಾಗೆ ನೋಡಿದ. ಬೆನ್ನ ಹಿಂದೆ ಮೇಸ್ತ್ರಿ ಯಾರಿಗೋ ಫೋನಿನಲ್ಲಿ ಪಿಸುಗುಟ್ಟುವುದು ಕೇಳಿಸಿತು. "ಹಾಂ ಸಾರ್. ಮುಗೀತು ಅಂತಾನೇ ಅನ್ಕೊಳ್ಳಿ."

"ಹೌ..." ಎಂದು ಗಂಡ ಬಾಯಿ ತೆರೆದ.

"ಇಲ್ಲ!"

ಅದು ತನ್ನದೇ ದನಿ ಎಂದು ಅವಳಿಗೆ ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ಅಷ್ಟರಲ್ಲಿ ಅವಳು ಎದ್ದು ನಿಂತಾಗಿತ್ತು.

"ಯಾರಮ್ಮ ನೀನು? ಕೂತ್ಕೋ," ಅಂದರು ಜಡ್ಜ್.

"ನಾನು ಮೂರನೇ ಸಾಕ್ಷಿ ಸ್ವಾಮಿ. ಆ ಕಾಗದದಲ್ಲಿರೋದು ಸುಳ್ಳು. ಹೆಣ ಮುಂದಿಟ್ಕೊಂಡು ಸಹಿ ಹಾಕ್ಸ್ಕೊಂಡ್ರು. ಇವ್ನು ಬೇಡ ಅಂದ, ರಟ್ಟೆ ಹಿಡ್ಕೊಂಡ. ಆ ಕೈ ಮೇಲೆ ಹೊಡೆದು ಬಿಡ್ಸಿ ನನ್ ತಮ್ಮನ್ನ ಇಳ್ಸಿದ್ದು ಮೇಸ್ತ್ರಿ. ನಾನು ಅಲ್ಲೇ ನಿಂತಿದ್ದೆ. ಅಮ್ಮ, ನೀನೂ ಕೇಳ್ಕೋ. ಇಲ್ಲೇ ಹೇಳ್ತಿದೀನಿ."

"ಇದು ಸಾಕ್ಷಿ ಕೇಳುವ ದಿನ ಅಲ್ಲ."

"ಆ ದಿನ ಯಾವತ್ತು ಸ್ವಾಮಿ?"

ಜಡ್ಜ್ ಗುಮಾಸ್ತನನ್ನು ನೋಡಿದರು. ಗುಮಾಸ್ತ ಅಭ್ಯಾಸಬಲದಿಂದ ಎದ್ದು ಹೇಳಿದ, "ಒಂದನೇ ಸಾಕ್ಷಿ ಸಿಗದೆ..."

"ಇಲ್ಲೇ ಕೂತಿದಾನಲ್ಲ!" ಅವಳು ಹಿಂದೆ ತಿರುಗಿ ಕೈ ಚಾಚಿದಳು. "ಆ ಬಿಳೀ ಅಂಗಿ. ಅವನೇ ದೂರು ಕೊಟ್ಟೋನು. ಕೇಳಿ ಅವನ್ನ!"

ಕೋರ್ಟಿನಲ್ಲಿದ್ದ ಅಷ್ಟೂ ತಲೆ ಹಿಂದಕ್ಕೆ ತಿರುಗಿದವು. ಮೇಸ್ತ್ರಿ ಫೋನನ್ನು ಜೇಬಿಗೆ ತುರುಕಿಕೊಂಡು ನಗುನಗುತ್ತಲೇ ಎದ್ದ. "ನಾನ್ಯಾರೋ, ಯಾವ್ದೋ ಬೇರೆ ಕೇಸಿಗೆ ಬಂದಿದ್ದೆ," ಎಂದು ಯಾರಿಗೋ ಹೇಳುತ್ತ ಬಾಗಿಲ ಕಡೆ ಸರಿದ. ಅವನು ಹೋದರೆ ಮತ್ತೆ ನಾಲ್ಕು ವರ್ಷ ಯಾವ ವಿಳಾಸದಲ್ಲೂ ಸಿಗುವುದಿಲ್ಲ. ಅವಳು ಬೆಂಚುಗಳ ನಡುವೆ ಓಡಿದಳು. ಯಾರದೋ ಕಾಲು ತುಳಿದಳು, ಯಾರದೋ ಕಡತ ಬೀಳಿಸಿದಳು. ಅವನು ಬಾಗಿಲಿನ ಒಂದು ರೆಕ್ಕೆ ಎಳೆಯುತ್ತಿದ್ದಾಗ ಭುಜ ಕೊಟ್ಟು ಅದನ್ನು ದಢಾರನೆ ಮುಚ್ಚಿ, ಅಗುಳಿ ಜಡಿದು, ಒಂದು ಕೈಯಲ್ಲಿ ಅದನ್ನು ಹಿಡಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಬಿಡೇ ಲೌಡಿ," ಅಂದ ಮೇಸ್ತ್ರಿ ಹಲ್ಲು ಕಚ್ಚಿ. "ಇವತ್ತು ಮನೆಗ್ ಬರ್ತಿದ್ದ ಗಂಡನ್ನ ನೀನೇ ಕೊಳೆ ಹಾಕ್ತಿದೀಯ."

"ಹಾಕ್ತೀನಿ ಕಣೋ ಸೂಳೆಮಗನೆ. ನೀನ್ ಮೊದ್ಲು ಅಲ್ಲಿಗ್ ಹೋಗಿ ನಿಲ್ಲು."

ಅವನು ಅವಳ ಮುಂಗೈ ಹಿಡಿದು ತಿರುಚಿದ. ದಿನವಿಡೀ ಒದ್ದೆ ಬಟ್ಟೆ ಹಿಂಡುವ ಕೈ ಅದು, ಅಲುಗಲಿಲ್ಲ. ವಕೀಲ "ಅಮ್ಮ, ಅಮ್ಮ" ಅನ್ನುತ್ತ ಅರ್ಧ ದಾರಿಯವರೆಗೆ ಬಂದು ನಿಂತುಬಿಟ್ಟ. ಆಮೇಲೆ ಏನು ನೆನಪಾಯಿತೋ, ತಿರುಗಿ, "ಸ್ವಾಮಿ, ಒಂದನೇ ಸಾಕ್ಷಿ ಹಾಜರಿದ್ದಾರೆ ಅಂತ ನಮೂದಿಸಿಕೊಳ್ಳಬೇಕು," ಅಂದ. ಇಬ್ಬರು ಹೆಣ್ಣು ಪೊಲೀಸರು ಅಕ್ಕಪಕ್ಕದಿಂದ ಬಂದು ಅವಳ ತೋಳಿಗೆ ಕೈ ಹಾಕಿದರು. ಹೊರಗಿನಿಂದ ಯಾರೋ ಬಾಗಿಲು ಬಡಿಯತೊಡಗಿದರು. ಮಗು ಅಳಲು ಶುರುಮಾಡಿತು. ಅಮ್ಮ ಅದನ್ನು ಸಮಾಧಾನ ಮಾಡಲಿಲ್ಲ. ಎದ್ದು ನಿಂತು, ಬಿಳಿ ಅಂಗಿಯವನ ಮುಖವನ್ನು ಮೊದಲ ಸಲ ಸರಿಯಾಗಿ ನೋಡುತ್ತಿದ್ದಳು.

ಜಡ್ಜ್ ಕನ್ನಡಕ ತೆಗೆದು ಬಾಗಿಲ ಕಡೆ ನೋಡುತ್ತಿದ್ದರು. ಪೊಲೀಸಿನವಳೊಬ್ಬಳು ಅಗುಳಿಯ ಮೇಲಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಹೆಬ್ಬೆರಳು ಬಿಟ್ಟಿತು. ತೋರುಬೆರಳು ಬಿಟ್ಟಿತು.

ಆಗ ಕಟಕಟೆಯಿಂದ ಕೆಮ್ಮಿನ ನಡುವೆ ಗಂಡ ಕೂಗಿದ.

"ಬಿಡ್ಬೇಡ ಕಣೆ. ಬಾಗ್ಲು ಬಿಡ್ಬೇಡ."